ಸಾತನೂರಿನಲ್ಲಿ ರಾಯಲ್ ಬ್ಲೂ

ನವರಾತ್ರಿಗೆ ಒಂಬತ್ತು ಬಣ್ಣ ಗೊತ್ತುಮಾಡಿದವರು ಯಾವ ಋಷಿಯೂ ಅಲ್ಲ. ಮುಂಬಯಿಯ ಮರಾಠಿ ದಿನಪತ್ರಿಕೆ ‘ಮಹಾರಾಷ್ಟ್ರ ಟೈಮ್ಸ್’ ಎರಡು ದಶಕದ ಹಿಂದೆ ತನ್ನ ಓದುಗ ಹೆಂಗಸರಿಗಾಗಿ ಹೂಡಿದ ಆಟ ಅದು. ಇಂಥ ದಿನ ಇಂಥ ಬಣ್ಣ ಉಡಿ, ಫೋಟೊ ಕಳಿಸಿ, ಹಾಕುತ್ತೇವೆ ಎಂದರು. ಅಲ್ಲಿಯ ಲೋಕಲ್ ಟ್ರೈನು ಹತ್ತಿದ ಬಣ್ಣ ಬೆಂಗಳೂರಿನ ಬ್ಯಾಂಕು, ಸಾಫ್ಟ್‌ವೇರ್ ಕಚೇರಿಗಳಲ್ಲಿ ಇಳಿದು, ಕನಕಪುರ ರಸ್ತೆ ಹಿಡಿದು ನಮ್ಮೂರು ಸಾತನೂರಿಗೆ ಬಂದು ಸೇರುವ ಹೊತ್ತಿಗೆ ಸಾಕ್ಷಾತ್ ದೇವಿಯೇ ಅಪ್ಪಣೆ ಕೊಡಿಸಿದಳು ಎಂಬ ಗತ್ತು ಪಡೆದುಬಿಟ್ಟಿತ್ತು.

ಒಳಗುಟ್ಟು ಏನೂ ಇಲ್ಲ. ಸೋಮವಾರ ಬಿಳಿ, ಮಂಗಳವಾರ ಕೆಂಪು, ಬುಧವಾರ ರಾಯಲ್ ಬ್ಲೂ, ಗುರುವಾರ ಹಳದಿ, ಶುಕ್ರವಾರ ಹಸಿರು, ಶನಿವಾರ ಬೂದು, ಭಾನುವಾರ ಕಿತ್ತಳೆ. ಹಬ್ಬ ಯಾವ ವಾರ ಶುರುವಾಯಿತೋ ಅಲ್ಲಿಂದ ಎಣಿಸುತ್ತಾ ಹೋಗುವುದು. ವಾರ ಮುಗಿದು ಮಿಕ್ಕ ದಿನಗಳಿಗೆ ನವಿಲು ಹಸಿರು, ಗುಲಾಬಿ, ನೇರಳೆ ಎಂದು ಏನೋ ಒಂದು ತೇಪೆ. ನಮ್ಮ ಹಳೇ ಮೈಸೂರು ಸೀಮೆಯಲ್ಲಿ ನವರಾತ್ರಿ ಎಂದರೆ ಗೊಂಬೆ ಕೂರಿಸುವುದು. ಪಟ್ಟದ ಗೊಂಬೆಗಳು ಅಜ್ಜಿ ಕಾಲದಿಂದ ಅದೇ ಬಟ್ಟೆಯಲ್ಲಿ ಕೂತಿವೆ, ಅವನ್ನು ಯಾರೂ ಇವತ್ತು ಯಾಕೆ ಹಳದಿ ಉಟ್ಟಿಲ್ಲ ಎಂದು ಕೇಳುವುದಿಲ್ಲ. ಇಷ್ಟೆಲ್ಲ ತಿಳಿದಿದ್ದ ನಾನು, ಶಿಕ್ಷಕಿಯರ ವಾಟ್ಸಾಪ್ ಗುಂಪಿನಲ್ಲಿ ಪಟ್ಟಿ ಬಂದ ಕೂಡಲೇ ಎಲ್ಲರಿಗಿಂತ ಮೊದಲು ಹೆಬ್ಬೆರಳು ಎತ್ತಿದೆ. ಎತ್ತಿದ ಮೇಲೆ ಬೀರು ತೆಗೆದು ನೋಡಿದೆ. ಹಸಿರು ಹೇರಳ, ಮರೂನು ಹೇರಳ. ನೀಲಿ ಇಲ್ಲ. ಬೂದು ಅಂತೂ ಇಲ್ಲವೇ ಇಲ್ಲ. ಅತ್ತೆ ಪಟ್ಟಿಯನ್ನು ನನ್ನಿಂದ ಓದಿಸಿಕೊಂಡು ಕೇಳಿ, “ಹಬ್ಬದ ಶನಿವಾರ ಬೂದಿ ಬಣ್ಣವಾ? ಯಾರಾದ್ರೂ ಹೋಗಿದಾರಾ?” ಎಂದರು.

ಅಷ್ಟಕ್ಕೇ ನಿಂತಿದ್ದರೆ ಶಾಲೆಗೆ ರಜೆ, ಮನೆಯಲ್ಲೇ ಉಟ್ಟು, ಸೆಲ್ಫಿ ತೆಗೆದು, ಬಿಚ್ಚಿಟ್ಟು ಮುಗಿಸಬಹುದಿತ್ತು. ಆದರೆ ಅದು 2025. ಸೆಪ್ಟೆಂಬರ್ 22ರ ಸೋಮವಾರ ನವರಾತ್ರಿ ಶುರು, ಅದೇ ದಿನ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯೂ ಶುರು. ದಸರಾ ರಜೆಯ ಮೇಷ್ಟ್ರು, ಮೇಡಂಗಳೆಲ್ಲ ಗಣತಿದಾರರು. ಕತ್ತಿಗೆ ಗುರುತಿನ ಚೀಟಿ, ಕೈಗೆ ಮೊಬೈಲು, ಅದರೊಳಗೆ ಮನೆಗೆ 60 ಪ್ರಶ್ನೆ. ಒಂಬತ್ತು ಬಣ್ಣದ ಸೀರೆಗೆ ಇದಕ್ಕಿಂತ ದೊಡ್ಡ ಮೆರವಣಿಗೆ ಸಿಕ್ಕೀತೇ? ಮನೆಮನೆಗೂ ಹೋಗಿ ತೋರಿಸಿ ಬರಬಹುದು, ಸಂಬಳದ ಮೇಲೆ.

ನಡೆಯುವುದು ಬಹಳ, ಹಾಗಾಗಿ ಕಾಲಿಗೆ ಏನಾದರೂ ಬೇಕು ಎಂಬ ಯೋಚನೆ ಬಂತು. ಆ ಮೇ ತಿಂಗಳಲ್ಲಿ ನಮ್ಮ ರಾಮನಗರ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾಗಿತ್ತು. ಜಿಲ್ಲೆಯ ಹೆಸರಿಗೇ ಬೆಂಗಳೂರು ಬಂದ ಮೇಲೆ ನನ್ನ ಕಾಲಿಗೆ ಶೂ ಬರಬಾರದೇ? ಸೀರೆಯ ಕೆಳಗೆ ಸ್ನೀಕರ್ ಹಾಕುವುದು ಈಗಿನ ಹೆಣ್ಣುಮಕ್ಕಳ ಸ್ಟೈಲು, ಮೊಣಕಾಲಿಗೂ ಒಳ್ಳೆಯದು ಎಂದು ನನ್ನ ಮಗಳು ಭಾಷಣ ಮಾಡಿದಳು. ನನ್ನವರದು ಬೇರೆ ವಾದ. “ಒಂದು ಜೊತೆ ಅಥಣಿ ಚಪ್ಪಲಿ ತಗೊ, ಮೆಟ್ಟಿದರೆ ಹತ್ತು ವರ್ಷ” ಎಂದರು. ಕೊಲ್ಹಾಪುರಿ ಎಂದು ಲೋಕ ಕರೆಯುವ ಆ ಚಪ್ಪಲಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಸೇರಿದ್ದವು. 2025ರ ಜೂನ್‌ನಲ್ಲಿ ಮಿಲಾನ್ ನಗರದ ಫ್ಯಾಷನ್ ಷೋನಲ್ಲಿ ಪ್ರಾಡಾ ಕಂಪನಿ ಅದನ್ನೇ ಹೋಲುವ ಚಪ್ಪಲಿ ಮೆಟ್ಟಿಸಿ, ಮೂಲ ಹೇಳದೆ, ಇಡೀ ದೇಶದಿಂದ ಬೈಸಿಕೊಂಡಿತ್ತು. “ಮಿಲಾನಿನವರು ಅಥಣಿ ಕಡೆ ನೋಡ್ತಿದಾರೆ, ಸಾತನೂರಿನವಳು ಮಿಲಾನ್ ಕಡೆ ನೋಡ್ತೀಯಲ್ಲ” ಎಂದರು. ನಾನು ಉತ್ತರ ಕೊಡಲಿಲ್ಲ. ಆಗಲೇ ಮೊಬೈಲಿನಲ್ಲಿ ಆರ್ಡರ್ ಹೋಗಿತ್ತು.

ಬಂದಿದ್ದು ತಿಳಿ ಗುಲಾಬಿ ಕ್ಯಾನ್ವಾಸು, ಹಾಲುಬಿಳುಪಿನ ಸೋಲು, ಮೊಲದ ಕಿವಿಯಷ್ಟು ಉದ್ದದ ಲೇಸು. ಒಳಗೆ ಮೆಮೊರಿ ಫೋಮ್. ವಿಮಾನದ ಸೀಟಿನ ಮೆತ್ತೆಗೆಂದು 1966ರಲ್ಲಿ ನಾಸಾದ ಹಣದಲ್ಲಿ ಹುಟ್ಟಿದ ವಸ್ತು, ಕೂತವರ ಆಕಾರವನ್ನು ನೆನಪಿಟ್ಟುಕೊಳ್ಳುತ್ತದಂತೆ. ಅದರ ನೆನಪಿನ ಶಕ್ತಿ ಎಂಥದು ಎಂದು ಗುರುವಾರ ಗೊತ್ತಾಗುವುದಿತ್ತು. ಸೈಜು ಮಾತ್ರ ಬಿಗಿ. ಇಂಗ್ಲೆಂಡಿನ ಶೂ ನಂಬರು ಹುಟ್ಟಿದ್ದು ಬಾರ್ಲಿ ಕಾಳಿನ ಅಳತೆಯಲ್ಲಿ. ಒಂದು ನಂಬರಿಗೂ ಮುಂದಿನದಕ್ಕೂ ಒಂದು ಕಾಳಿನ ಅಂತರ, ಇಂಚಿನ ಮೂರನೇ ಒಂದು ಪಾಲು. ಬಾರ್ಲಿಯಲ್ಲಿ ಅಳೆದ ಶೂ ರಾಗಿ ತಿಂದು ಬೆಳೆದ ಕಾಲಿಗೆ ಹಿಡಿಸುವುದು ಹೇಗೆ? ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು ದೇಶದಲ್ಲಿ ಲಕ್ಷ ಜನರ ಪಾದ ಅಳೆದು, ನಮ್ಮ ಪಾದ ಯುರೋಪಿನವರ, ಅಮೆರಿಕದವರ ಪಾದಕ್ಕಿಂತ ಅಗಲ ಎಂದು ಕಂಡು, ‘ಭಾ’ ಎಂಬ ನಮ್ಮದೇ ಅಳತೆಯನ್ನು ಸೂಚಿಸಿದ್ದಾರೆ. ಒಳ್ಳೆಯ ಕೆಲಸ. ಅದು ಅಂಗಡಿಗೆ ಬರುವ ತನಕ ನನ್ನ ಕಿರುಬೆರಳು ಕಾಯಬೇಕು. ಕಬ್ಬಾಳಿನ ಕಡೆ ನಡೆಯುವಾಗೆಲ್ಲ ಎದುರಿಗೆ ಕಬ್ಬಾಳದುರ್ಗ ಕಾಣುತ್ತಿತ್ತು. 1734ರಲ್ಲಿ ದಳವಾಯಿಗಳು ಏಳನೆಯ ಚಾಮರಾಜ ಒಡೆಯರನ್ನು ಪಟ್ಟದಿಂದಿಳಿಸಿ ಕೂಡಿಹಾಕಿದ್ದು ಆ ಬೆಟ್ಟದ ಮೇಲೆ. ಆ ದೊರೆಯ ಸಂಕಟವನ್ನು ಅವರ ನಂತರ ಸರಿಯಾಗಿ ಅರ್ಥಮಾಡಿಕೊಂಡಿದ್ದು ನನ್ನ ಬಲಗಾಲಿನ ಕಿರುಬೆರಳು ಎಂದು ಧೈರ್ಯವಾಗಿ ಹೇಳಬಲ್ಲೆ.

ಶೂ ಕೊಳ್ಳುವಾಗ ಯಾರೂ ಯೋಚಿಸದ ಸಂಗತಿ ಒಂದಿದೆ. ನಮ್ಮ ಕಡೆ ಮನೆಮನೆ ಸಮೀಕ್ಷೆ ಎಂದರೆ ನಡೆಯುವ ಕೆಲಸವಲ್ಲ, ಚಪ್ಪಲಿ ಬಿಡುವ ಕೆಲಸ. ಮನೆಯಿಂದ ಮನೆಗೆ ಇಪ್ಪತ್ತು ಹೆಜ್ಜೆ. ಜಗುಲಿ ಹತ್ತಿದ ಮೇಲೆ ಬಿಡು, ಇಳಿದ ಮೇಲೆ ಹಾಕು. ನನ್ನ ಜೊತೆಯ ಮೇಷ್ಟ್ರು ಹವಾಯಿ ಚಪ್ಪಲಿಯನ್ನು ನಡೆನಡೆಯುತ್ತಲೇ ಉದುರಿಸಿ, ಒಳಗೆ ಹೋಗಿ ಕೂತು, ಕುಟುಂಬದ ಯಜಮಾನನ ಹೆಸರು ಬರೆದುಕೊಳ್ಳುತ್ತಿದ್ದರು. ನಾನಿನ್ನೂ ಜಗುಲಿಯ ಕೆಳಗೆ, ಒಂದು ಕೈಯಲ್ಲಿ ನೆರಿಗೆ, ಇನ್ನೊಂದರಲ್ಲಿ ಲೇಸು, ಬಗ್ಗಿದ್ದಕ್ಕೆ ಮುಂದಕ್ಕೆ ಜಾರಿದ ಗುರುತಿನ ಚೀಟಿ ಬಾಯಲ್ಲಿ. ಮಕ್ಕಳು ಸುತ್ತ ನಿಂತು ನೋಡುತ್ತಿದ್ದರು. ಒಬ್ಬ, “ಮಿಸ್ಸು ಪಿಟಿ ಮಾಡ್ತಾರೆ” ಎಂದು ಒಳಗೆ ಹೋಗಿ ವರದಿ ಮಾಡಿದ. ಶೂ ಬಿಚ್ಚಿದ ಮೇಲೆ ಸಾಕ್ಸು. ಸಾಕ್ಸಿನಲ್ಲಿ ಸಗಣಿ ಸಾರಿಸಿದ ಹಸಿ ನೆಲ ತುಳಿದರೆ ಏನಾಗುತ್ತದೆ ಎಂದು ವಿವರಿಸುವುದು ಬೇಡ. ಮೂರನೇ ಮನೆಗೆ ಸಾಕ್ಸು ಬ್ಯಾಗಿನೊಳಗೆ ಸೇರಿತು.

ಮೊದಲ ದಿನದ ಬಿಳಿ ಸೀರೆಯ ಗತಿ ಕೇಳಬೇಡಿ. ಉತ್ತರೆ ಮಳೆ ಹಿಂದಿನ ಸಂಜೆಯೇ ಬಂದು ಹೋಗಿತ್ತು, ಮಣ್ಣು ಇನ್ನೂ ಮೃದುವಾಗಿ ಕಾಯುತ್ತಿತ್ತು. ಮಂಗಳವಾರದ ಕೆಂಪು ಮಾತ್ರ ಮರ್ಯಾದೆ ಉಳಿಸಿತು. ಮಂಗಳವಾರ ಕಬ್ಬಾಳಿನ ದೇವಿ ಕಬ್ಬಾಳಮ್ಮನ ವಾರ, ದಾರಿಯಲ್ಲಿ ಎದುರಾದವರಲ್ಲಿ ಅರ್ಧ ಜನ ಕೆಂಪೇ ಉಟ್ಟಿದ್ದರು. ಪಟ್ಟಿ ಕೇಳಿ ಉಟ್ಟವಳು ನಾನೊಬ್ಬಳೇ, ಅದು ಯಾರಿಗೂ ತಿಳಿಯಲಿಲ್ಲ.

ಸಮೀಕ್ಷೆ ನಾನು ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅದು ಇಬ್ಬದಿಯ ವ್ಯವಹಾರ ಎಂದು ಎರಡನೇ ಮನೆಯಲ್ಲೇ ಗೊತ್ತಾಯಿತು. ನಾನು ‘ಮನೆಯ ಒಟ್ಟು ಸದಸ್ಯರು’ ಎಂದರೆ ಆ ಹೆಂಗಸು, “ನಿಮ್ಗೆಷ್ಟು ಮಕ್ಳು?” ನಾನು ‘ಜಮೀನು ಎಷ್ಟು’ ಎಂದರೆ, “ಸೀರೆ ಎಷ್ಟಕ್ಕೆ ತಂದ್ರಿ?” ‘ಮನೆಗೆ ನೀರಿನ ಮೂಲ’ ಎಂದರೆ, “ಈ ಬೂಟು ಹಾಕ್ಕಂಡ್ರೆ ಕಾಲು ಬೇಯಕ್ಕಿಲ್ವಾ?” ನನ್ನವು ಅರವತ್ತು, ಅವರವಕ್ಕೆ ಮಿತಿ ಇಲ್ಲ. ಸೀರೆಯ ಬೆಲೆಗೆ ನನ್ನ ಬಳಿ ಎರಡು ಉತ್ತರ ಯಾವಾಗಲೂ ಸಿದ್ಧ ಇರುತ್ತವೆ. ಗಂಡನಿಗೆ ಒಂದು, ಸ್ಟಾಫ್ ರೂಮಿಗೆ ಒಂದು. ಊರಿನವರಿಗೆಂದು ಮೂರನೆಯದನ್ನು ಅಲ್ಲೇ ಹೊಲಿದೆ.

ಬುಧವಾರಕ್ಕೆ ಬರೋಣ.

ನೀಲಿ ಸೀರೆ ನನ್ನಲ್ಲಿ ಇರಲಿಲ್ಲ ಎಂದೆನಲ್ಲ. ಅಮ್ಮನಲ್ಲಿತ್ತು. ಮೈಸೂರು ಕ್ರೇಪ್ ಸಿಲ್ಕ್, ಅಪ್ಪಟ ರಾಯಲ್ ಬ್ಲೂ, ಬೆರಳಗಲ ಜರಿ ಅಂಚು. ಮೈಸೂರಿನಲ್ಲಿ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಕಾರ್ಖಾನೆಯ ಮಾಲು, ಅಮ್ಮ ತನ್ನ ಮೊದಲ ಬಡ್ತಿಯ ಹಣದಲ್ಲಿ ಕೊಂಡಿದ್ದು. “ಸಮೀಕ್ಷೆಗೆ ಯಾರಾದ್ರೂ ಮೈಸೂರು ಸಿಲ್ಕ್ ಉಡ್ತಾರಾ?” ಎಂದು ಅಮ್ಮ ಕೇಳಿದಾಗ, ‘ಉಟ್ಟು ಫೋಟೊ ತೆಗೆದು ಕೂಡಲೇ ಬದಲಾಯಿಸ್ತೀನಿ’ ಎಂದು ಮಾತು ಕೊಟ್ಟು ತಂದಿದ್ದೆ. ಬೆಳಿಗ್ಗೆ ಉಟ್ಟೆ. ಫೋಟೊ ತೆಗೆದೆ. ಕನ್ನಡಿಯಲ್ಲಿ ನೋಡಿದೆ. ಬದಲಾಯಿಸಲು ಮನಸ್ಸು ಬರಲಿಲ್ಲ. ಮೈಸೂರು ಸಿಲ್ಕಿಗೆ ಶೋಭಿಸಲಿ ಎಂದು ಸ್ವಲ್ಪ ಸೆಂಟು ಹಾಕಿಕೊಂಡೆ. ಕೆಳಗೆ ಗುಲಾಬಿ ಸ್ನೀಕರ್.

ಆ ದಿನದ ಪಾಲಿಗೆ ಬಂದಿದ್ದು ತೋಟದ ಮನೆಗಳು. ಸಾತನೂರಿನ ಸುತ್ತ ತೋಟದ ಮನೆ ಎಂದರೆ ಹಿಪ್ಪುನೇರಳೆ ಕಡ್ಡಿ, ಅದರ ಪಕ್ಕ ಉದ್ದನೆಯ ರೇಷ್ಮೆ ಹುಳಿನ ಮನೆ. ನಮ್ಮ ಕಡೆಯ ಗೂಡು ಹೋಗುವುದು ರಾಮನಗರದ ಮಾರುಕಟ್ಟೆಗೆ. ಮೈಸೂರು ಸಿಲ್ಕಿನ ನೂಲಿಗೆ ಬೇಕಾದ ಗೂಡು ಕೊಳ್ಳುವವರೂ ಅಲ್ಲಿಗೆ ಬರುತ್ತಾರೆ. ಅಂದರೆ ನಾನು ಉಟ್ಟಿದ್ದ ಸೀರೆಯ ಅಜ್ಜ ಮುತ್ತಜ್ಜಂದಿರು ಇಲ್ಲೇ ಎಲ್ಲೋ ಸೊಪ್ಪು ತಿಂದು ಮಲಗಿದ್ದಿರಬಹುದು. ತವರುಮನೆಗೆ ಬಂದ ಮಗಳ ಹಾಗೆ ಸೀರೆಯೂ ಸಂಭ್ರಮದಲ್ಲಿತ್ತು.

ಮನೆಗೆ ಬೀಗ. ಹುಳಿನ ಮನೆಯಿಂದ ಧ್ವನಿ ಬಂತು: “ಯಾರವ್ವಾ? ನಾಕ್ನೇ ಜ್ವರ ಎದ್ದವೆ, ಸೊಪ್ಪಾಕ್ತಿವ್ನಿ. ಇಲ್ಲೇ ಬನ್ನಿ.” ಜ್ವರ ಎಂದರೆ ಗಾಬರಿಯಾಗುವುದು ಬೇಡ. ಹುಳು ತಿನ್ನುವುದು ಬಿಟ್ಟು, ಹಳೇ ಚರ್ಮ ಕಳಚಲು ಮಲಗುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದರಿಂದ ಎದ್ದ ಹುಳು ಹಸಿದ ಹುಳು. ಹಗಲೂ ರಾತ್ರಿ ಸೊಪ್ಪು ಸುರಿಯುತ್ತಲೇ ಇರಬೇಕು, ಗಣತಿಗೆಂದು ಯಾರೂ ಎದ್ದು ಬರುವುದಿಲ್ಲ. ಹೋದೆ.

ಬಾಗಿಲಲ್ಲಿ ಒಂದು ತಟ್ಟೆಯಂಥ ಹಳ್ಳ, ಅದರಲ್ಲಿ ಒದ್ದೆ ಗೋಣಿತಾಟು. ನೋಡಿ ನನಗೆ ಸಂತೋಷವಾಯಿತು. ಹಳ್ಳಿಯ ಜನ ಎಷ್ಟು ಶುಚಿ, ಕೆಸರು ಒರೆಸಲು ಒದ್ದೆ ಕಾಲೊರಸು ಹಾಕಿದ್ದಾರೆ! ಶೂ ಬಿಚ್ಚುವ ಮೊದಲು ಕೆಸರು ಹೋಗಲೆಂದು ಅದರ ಮೇಲೆ ನಿಂತು ಎಡಗಾಲನ್ನು ಉಜ್ಜಿದೆ, ಬಲಗಾಲನ್ನು ಇನ್ನೂ ಚೆನ್ನಾಗಿ ಉಜ್ಜಿದೆ. ಒಳಗಿನವರಿಗೆ ನನ್ನ ಸಂಸ್ಕಾರ ಕಾಣಲಿ ಎಂದು ಸ್ವಲ್ಪ ಹೊತ್ತು ಜಾಸ್ತಿಯೇ ಉಜ್ಜಿದೆ. ಆಮೇಲೆ ಬಗ್ಗಿ ಲೇಸು ಬಿಚ್ಚತೊಡಗಿದೆ. ಬಗ್ಗಿದಾಗ ನೆರಿಗೆ ಇಳಿಯಿತು, ಅಂಚು ಗೋಣಿತಾಟಿನ ಮೇಲೆ ಹಾಯಾಗಿ ಹರಡಿಕೊಂಡಿತು. ಏನೋ ಆಸ್ಪತ್ರೆಯ ವಾಸನೆ. ಶುಚಿ ಎಂದರೆ ಶುಚಿ, ಫಿನಾಯಿಲು ಬೇರೆ ಹಾಕಿದ್ದಾರೆ ಎಂದುಕೊಂಡೆ.

ಫಿನಾಯಿಲಲ್ಲ, ಬ್ಲೀಚಿಂಗ್ ಪೌಡರು. ರೇಷ್ಮೆ ಇಲಾಖೆಯವರು ರೈತರಿಗೆ ಬಾಯಿಪಾಠ ಮಾಡಿಸಿರುವ ಲೆಕ್ಕ ಇದೆ: ಶೇ 0.3ರ ಸುಣ್ಣದ ತಿಳಿಯಲ್ಲಿ ಶೇ 2ರಷ್ಟು ಬ್ಲೀಚಿಂಗ್ ಪೌಡರು. ಹೊರಗಿನಿಂದ ಬಂದವರ ಕಾಲಿನಲ್ಲಿ ಹುಳುವಿಗೆ ರೋಗ ಬರಬಾರದೆಂದು ಬಾಗಿಲಲ್ಲೇ ಅದನ್ನು ನೆನೆಸಿಡುವುದು, ಬರಿಗಾಲಲ್ಲಿ ಅದ್ದಿ ಒಳಗೆ ಹೋಗುವುದು. ರೇಷ್ಮೆ ಪ್ರೋಟೀನಿನ ದಾರ. ಕ್ಲೋರಿನ್ ಬ್ಲೀಚು ತಾಗಿದರೆ ಹತ್ತಿ ಬಿಳಿಯಾಗುತ್ತದೆ, ರೇಷ್ಮೆ ಹಳದಿಗೆ ತಿರುಗಿ ಕರಗತೊಡಗುತ್ತದೆ. ಹುಳುವನ್ನು ಕಾಯುವ ನೀರೇ ಸೀರೆಯನ್ನು ತಿನ್ನುತ್ತದೆ. ಎಂಟನೇ ತರಗತಿಗೆ ವಿಜ್ಞಾನ ಹೇಳುವ ನಾನು ಇದನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಬೋರ್ಡಿನ ಮೇಲೆ ಯಾವತ್ತೂ ವಾಸನೆ ಬಂದಿರಲಿಲ್ಲ.

ಹೋಗಲಿ, ಇಷ್ಟಾದ ಮೇಲಾದರೂ ಒಳಗೆ ಬಿಟ್ಟರೇ? ಹೊಸಿಲು ದಾಟುವ ಮೊದಲೇ ಮೂಲೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಅಜ್ಜಿ ಮೂಗು ಎತ್ತಿದರು. “ಏನೋ ಗಮ್ ಅಂತೈತೆ. ಸೆಂಟ್ ಹಾಕೀರಾ ಮೇಡಮ್ಮಾ?” ‘ಸ್ವಲ್ಪ’ ಎಂದೆ, ನಾಚಿಕೊಂಡು. “ಹಂಗಾರೆ ಒಳಿಕ್ ಬರ್ಬ್ಯಾಡಿ! ಹುಳಾ ಸೊಪ್ಪು ಮುಟ್ಟಕ್ಕಿಲ್ಲ. ಆಚ್ಗೇ ನಿಂತ್ಕಳಿ.” ಬೀಡಿ ಸೇದಿ ಬಂದವನನ್ನೂ ಅವರು ಒಳಗೆ ಸೇರಿಸುವುದಿಲ್ಲವಂತೆ. ಆ ಮನೆಯ ಕಾನೂನಿನಲ್ಲಿ ನಾನೂ ಬೀಡಿಯೂ ಒಂದೇ ಕಲಮಿನ ಕೆಳಗೆ ಬಂದೆವು. ಊಜಿ ನೊಣ ಬರದಿರಲೆಂದು ಕಿಟಕಿಗೆ ನೈಲಾನ್ ಪರದೆ ಹೊಡೆದಿದ್ದರು. ಪರದೆಯ ಆಚೆ ಅವರು, ಈಚೆ ನಾನು. ಜೈಲಿನಲ್ಲಿ ಕೈದಿಯನ್ನು ನೋಡಲು ಬಂದವರು ಮಾತಾಡುವ ರೀತಿಯಲ್ಲಿ ಅರವತ್ತು ಪ್ರಶ್ನೆ ಮುಗಿಸಿದೆ. ಯಾರು ಕೈದಿ ಎಂಬುದು ಮಾತ್ರ ಸ್ಪಷ್ಟವಿರಲಿಲ್ಲ, ಏಕೆಂದರೆ ಒಳಗಿದ್ದವರು ನಗುತ್ತಿದ್ದರು.

ಬ್ಲೀಚಿನ ಗುಣ ಎಂದರೆ ಅವಸರ ಮಾಡುವುದಿಲ್ಲ. ಮುಂದಿನ ಮನೆಯಲ್ಲಿ ಯಾರೂ ಏನೂ ಹೇಳಲಿಲ್ಲ. ಅದರ ಮುಂದಿನ ಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗಿ, “ಮಿಸ್, ಅಂಚು ಟೈ ಅಂಡ್ ಡೈ ಅಲ್ವಾ? ಸೂಪರ್ ಆಗಿದೆ” ಎಂದಳು. ಬಗ್ಗಿ ನೋಡಿದೆ. ರಾಯಲ್ ಬ್ಲೂ ಅಂಚಿನಿಂದ ಒಂದು ಗೇಣು ಮೇಲಿನವರೆಗೆ ರಾಜ್ಯಭಾರ ಕಳೆದುಕೊಂಡಿತ್ತು. ಅಲ್ಲಲ್ಲಿ ಮಾಸಲು ಹಳದಿ, ಅಲ್ಲಲ್ಲಿ ಹೆಸರಿಲ್ಲದ ಬಣ್ಣ. ‘ಹೌದು, ಈಗ ಅದೇ ಬಂದಿರೋದು’ ಎಂದೆ. ಆ ಹುಡುಗಿ ಫೋಟೊ ತೆಗೆದುಕೊಂಡಳು. ಅವಳ ಗೆಳತಿಯರು ಯಾರಾದರೂ ಈಗ ಸೀರೆಯನ್ನು ಬ್ಲೀಚಿಗೆ ಅದ್ದುತ್ತಿದ್ದರೆ ಆ ಪಾಪ ನನ್ನದು.

ಶೂಗಳು ಬೇರೆ ಬೇರೆ ದಾರಿ ಹಿಡಿದಿದ್ದವು. ಎಡಗಾಲಿನದು ತಿಳಿ ಗುಲಾಬಿ, ಸಂಸ್ಕಾರ ಜಾಸ್ತಿ ತೋರಿಸಿದ ಬಲಗಾಲಿನದು ಬಿಳಿ. ರಾತ್ರಿ ಸೀರೆಯ ಅಂಚನ್ನು ನೀರಿನಲ್ಲಿ ಅದ್ದಿ ಮೆಲ್ಲಗೆ ಹಿಂಡಿದರೆ ಕೈಗೆ ಪಿಸಿದು ಬಂತು. ಜರಿ ಮಾತ್ರ ಒಂಟಿಯಾಗಿ ನೇತಾಡುತ್ತಿತ್ತು. ಅಷ್ಟು ಹೊತ್ತಿಗೆ ಸರಿಯಾಗಿ ಅಮ್ಮನ ವಿಡಿಯೊ ಕಾಲ್. ಸೀರೆ ಉಟ್ಟ ಫೋಟೊ ನೋಡಿದೆ, ಚೆನ್ನಾಗಿ ಕಾಣ್ತೀಯ, ಮಡಿಸಿಟ್ಟೆಯಾ ಎಂದು ಕೇಳಿದರು. ಸೆರಗು ತೋರಿಸಿದೆ. “ಅಂಚು ತೋರ್ಸು” ಎಂದರು. ನೆಟ್‌ವರ್ಕ್ ಹೋಯಿತು. ಸಾತನೂರಿನಲ್ಲಿ ನೆಟ್‌ವರ್ಕ್ ಯಾವಾಗ ಹೋಗುತ್ತದೆ ಎಂದು ಯಾರಿಗೂ ಹೇಳಲು ಬರುವುದಿಲ್ಲ. ಬೇಕಾದಾಗ ಹೋಗುವಂತೆ ಮಾಡುವ ಗುಂಡಿ ಫೋನಿನ ಬಲಗಡೆ ಇರುತ್ತದೆ.

ಗುರುವಾರದ ಹಳದಿಯನ್ನು ಹತ್ತಿಯದೇ ಉಟ್ಟೆ, ಕಳೆದುಕೊಳ್ಳಲು ಏನೂ ಇಲ್ಲದ ಧೈರ್ಯದಲ್ಲಿ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಹೂ ಬಿಟ್ಟಿತ್ತು. ಆ ಹಳದಿಯ ಎದುರು ನನ್ನದು ನೀರು ಬೆರೆಸಿದ ಹಳದಿ. ತರಕಾರಿ ಹೊಲದ ರೈತರು ಹುಳಹುಪ್ಪಟೆ ಹಿಡಿಯಲು ಹಳದಿ ಅಂಟು ಹಾಳೆ ನೇತುಹಾಕುತ್ತಾರಲ್ಲ, ಬಿಳಿ ನೊಣ, ಹೇನು ಎಲ್ಲ ಹಳದಿಗೆ ಮುಗಿಬೀಳುತ್ತವೆ. ನಾನು ಬದುವಿನ ಮೇಲೆ ಕೂತು ಒಂದು ಕುಟುಂಬದ ವಿವರ ತುಂಬುವ ಹೊತ್ತಿಗೆ ಸೆರಗು ಜೀವಂತವಾಗಿತ್ತು. ರೈತ, “ಇನ್ನೊಸಿ ಹೊತ್ತು ಕೂತಿರಿ ಮೇಡಂ, ನಮ್ ಹಾಳೆ ದುಡ್ಡು ಉಳೀತದೆ” ಎಂದ. ಅತ್ತ ಜಗುಲಿಯ ಕೆಳಗೆ ಬಿಟ್ಟಿದ್ದ ಬಿಳಿ ಶೂವನ್ನು ಒಂದು ನಾಯಿಮರಿ ಎತ್ತಿಕೊಂಡು ಹೋಗಿತ್ತು. ಸಿಕ್ಕಿದ್ದು ತಿಪ್ಪೆಯಲ್ಲಿ. ತೊಳೆದೆ, ಒಣಗಿಸಿದೆ, ತೊಳೆದೆ. ಮೆಮೊರಿ ಫೋಮ್ ಏನನ್ನೂ ಮರೆಯಲಿಲ್ಲ. ಆಮೇಲೆ ಹವಾಯಿ ಚಪ್ಪಲಿ, ಅತ್ತೆಯವರದು, ನೀಲಿ ಪಟ್ಟಿಯದು. ರಾಯಲ್ ಬ್ಲೂ ಕಾಲಿಗೆ ಬಂದಿದ್ದು ಹೀಗೆ, ಒಂದು ದಿನ ತಡವಾಗಿ.

ಶುಕ್ರವಾರದ ಹಸಿರಿನಲ್ಲಿ ವಿಶೇಷವೇನೂ ನಡೆಯಲಿಲ್ಲ. ಹಿಪ್ಪುನೇರಳೆ ತೋಟದಲ್ಲಿ ನಾನು ಯಾರಿಗೂ ಕಾಣಿಸಲೇ ಇಲ್ಲ ಎಂಬುದನ್ನು ಬಿಟ್ಟರೆ.

ಶನಿವಾರ. ಬೂದು. ಅತ್ತ ಕಾವೇರಿ ವನ್ಯಧಾಮದ ಕಾಡು, ಇತ್ತ ರಾಗಿ ಹೊಲ. ತೆನೆ ಕಟ್ಟುವ ಕಾಲಕ್ಕೆ ನಮ್ಮ ಸೀಮೆಯಲ್ಲಿ ಆನೆ ಕಾಟ ಹೊಸ ಸುದ್ದಿಯಲ್ಲ. ರೈತರು ಅಟ್ಟಣೆ ಕಟ್ಟಿಕೊಂಡು, ಟಾರ್ಚು, ತಗಡಿನ ಡಬ್ಬ ಇಟ್ಟುಕೊಂಡು ಕಾಯುತ್ತಾರೆ. ಇದನ್ನು ಮರೆತು ನಾನು ಸಂಜೆಗತ್ತಲಲ್ಲಿ ಕೊನೆಯ ಮನೆಯ ಮಾಹಿತಿ ಕಳಿಸಲು ಸಿಗ್ನಲ್ ಹುಡುಕಿಕೊಂಡು ಎತ್ತರದ ಬದುವಿಗೆ ಹತ್ತಿದ್ದೆ. ಕಳಿಸಿ, ರಾಗಿಯ ನಡುವಿನ ಕಾಲುದಾರಿಯಲ್ಲಿ ಇಳಿಯುತ್ತಿದ್ದೆ. ನನ್ನ ಗಾತ್ರದ ಬಗ್ಗೆ ಇಷ್ಟು ಹೊತ್ತು ಏನೂ ಹೇಳಿಲ್ಲ, ಹೇಳುವ ಅಗತ್ಯ ಈಗ ಬಂದಿದೆ: ಸಣ್ಣದಲ್ಲ. ಹೊಸದಾಗಿ ಕೊಂಡ ಬೂದು ಸೀರೆಗೆ ಗಂಜಿ ಜಾಸ್ತಿ, ನಾಲ್ಕೂ ಕಡೆ ಸೆಟೆದು ನಿಂತಿತ್ತು. ಮಡಿಸಿದ ಉದ್ದನೆಯ ಕಪ್ಪು ಛತ್ರಿಯನ್ನು ಮುಂದಕ್ಕೆ ಹಿಡಿದು, ದಾರಿಗೆ ಅಡ್ಡ ಬಾಗಿದ ತೆನೆಗಳನ್ನು ಅತ್ತಿತ್ತ ಸರಿಸುತ್ತಾ ಬರುತ್ತಿದ್ದೆ.

“ಅಪ್ಪೋ! ಬಂತು ಕಣಪ್ಪೋ!” ಎಂದು ಅಟ್ಟಣೆಯ ಮೇಲಿಂದ ಒಂದು ಹುಡುಗನ ಕೂಗು. ಡಬ್ಬ ಬಡಿಯತೊಡಗಿತು. ಟಾರ್ಚು ನನ್ನ ಮೇಲೆ ಬಿತ್ತು. ಆನೆ ನನ್ನ ಹಿಂದೆಯೇ ಇದೆ ಎಂದುಕೊಂಡು ನಾನು ಛತ್ರಿ ಎತ್ತಿ ಓಡಿದೆ. ಎತ್ತಿದ್ದನ್ನು ಅವರು ಸೊಂಡಿಲು ಎತ್ತಿತು ಎಂದುಕೊಂಡರು. ಅಪ್ಪ, ಮಗ ಅಟ್ಟಣೆಯಿಂದ ಧುಮುಕಿ ಓಡಿದರು. ಓಡಲು ಇದ್ದ ದಾರಿ ಒಂದೇ, ಹಾಗಾಗಿ ಅವರು ಮುಂದೆ, ಅವರನ್ನು ಅಟ್ಟಿಸಿಕೊಂಡು ನಾನು ಹಿಂದೆ. ಅವರು ತಿರುಗಿ ನೋಡಿದಾಗೆಲ್ಲ ಇನ್ನೂ ಜೋರಾಗಿ ಓಡಿದರು. ಅದನ್ನು ನೋಡಿ ನಾನೂ ಜೋರಾಗಿ ಓಡಿದೆ. ಊರ ಮುಂದಿನ ದೀಪದ ಕಂಬದ ಕೆಳಗೆ ಎಲ್ಲರೂ ಒಟ್ಟಿಗೇ ಬಿದ್ದೆವು. ಹುಡುಗ ಕಣ್ಣು ಬಿಟ್ಟು, “ಅಯ್ಯೋ, ನಮ್ ಸೈನ್ಸ್ ಮಿಸ್ಸು!” ಎಂದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನದು ಆನೆ ಎನಿಸಿಕೊಂಡೇ ಹೋಯಿತು. ಅತ್ತೆಯ ಹವಾಯಿಯಲ್ಲಿ ಒಂದು ರಾಗಿ ಹೊಲದಲ್ಲೇ ಉಳಿಯಿತು. ದಸರಾ ಮುಗಿದು ಶಾಲೆ ತೆರೆದ ಮೇಲೆ ಎಂಟನೇ ತರಗತಿಯ ಹಿಂದಿನ ಬೆಂಚಿನಿಂದ ಆಗಾಗ ಸಣ್ಣಗೆ ಡಬ್ಬ ಬಡಿದ ಸದ್ದು ಬರುತ್ತದೆ. ನಾನು ವಿಚಾರಣೆ ಮಾಡಲು ಹೋಗುವುದಿಲ್ಲ.

ಆ ವರ್ಷ ತಿಥಿ ಒಂದು ಎರಡು ದಿನ ನಿಂತು ನವರಾತ್ರಿಗೆ ಹತ್ತು ದಿನ ಹಿಡಿಯಿತು. ಒಂಬತ್ತರ ಪಟ್ಟಿ ಸಾಲದೆ ಗುಂಪಿನಲ್ಲಿ ಗಲಾಟೆಯಾಯಿತು. ಒಬ್ಬರು ಮತ್ತೆ ಬಿಳಿ ಎಂದರು, ಮಹಾನವಮಿಗೆ ನೇರಳೆ ಎಂದು ಇನ್ನೊಬ್ಬರು ಎಲ್ಲಿಂದಲೋ ಚಿತ್ರ ತಂದು ಹಾಕಿದರು. ಗಲಾಟೆ ತೀರ್ಮಾನವಾಗುವ ಮೊದಲೇ ನಾನು ಕನಕಪುರಕ್ಕೆ ಬಸ್ಸು ಹತ್ತಿ ನೇರಳೆ ಬಣ್ಣದ ಆರ್ಟ್ ಸಿಲ್ಕ್ ಸೀರೆ ಕೊಂಡು ತಂದಿದ್ದೆ. ಬೆಲೆ ಚರ್ಚೆಗೆ ಸಮಯ ಇರಲಿಲ್ಲ, ಹೇಳಿದಷ್ಟು ಕೊಟ್ಟೆ. ತಂದ ಮೇಲೆ ಮಹಾನವಮಿಯಂದು ಜ್ವರ ಬಂದು ಮಲಗಿದೆ. ಎಷ್ಟನೆಯದು ಎಂದು ಮಗಳು ಕೇಳಿದಳು.

ಹಬ್ಬ ಮುಗಿಯಿತು, ಸಮೀಕ್ಷೆ ಮುಗಿಯಲಿಲ್ಲ. ಅಕ್ಟೋಬರ್ 7ರ ಗಡುವು 18ಕ್ಕೆ ಹೋಯಿತು. ಒಗೆದು ಸಾಲಾಗಿ ಹರಗಿದ ಸೀರೆಗಳನ್ನು ನೋಡಿದೆ. ಬಿಳಿ, ಹಳದಿ, ಹಸಿರು, ಕಿತ್ತಳೆ ಎಂಬ ಭೇದವಿಲ್ಲದೆ ಎಲ್ಲದರ ಕೆಳಗೂ ಒಂದು ಗೇಣಿನಷ್ಟು ಕಂದು ಬಣ್ಣದ ಹೊಸ ಅಂಚು. ಜಗತ್ತಿಗೆಲ್ಲ ವರ್ಷದ ಬಣ್ಣ ಸಾರುವ ಅಮೆರಿಕದ ಪ್ಯಾಂಟೋನ್ ಸಂಸ್ಥೆ 2025ಕ್ಕೆ ಆರಿಸಿದ್ದು ‘ಮೋಕಾ ಮೂಸ್’, ಕಾಫಿ ಚಾಕೊಲೇಟಿನ ಮೆದು ಕಂದು. ಅದನ್ನು ಮಗಳು ಮೊಬೈಲಿನಲ್ಲಿ ತೋರಿಸಿದಾಗ ಅತ್ತೆ, “ಇದಕ್ಕೆ ಅಮೆರಿಕ ಯಾಕೆ, ಮುದ್ದೆ ತಟ್ಟೆ ತೊಳೆದ ನೀರು ನೋಡಿದ್ರೆ ಸಾಕು” ಎಂದಿದ್ದರು. ಅಂತೂ ಒಂದು ವಿಷಯದಲ್ಲಿ ನಾನು ಜಗತ್ತಿನ ಜೊತೆ ಇದ್ದೆ.

ನೇರಳೆ ಸೀರೆ ವ್ಯರ್ಥವಾಗಬಾರದೆಂದು ಮಿಕ್ಕ ಮನೆಗಳಿಗೆ ಉಟ್ಟು ಹೋದೆ. ಕಾಲಿಗೆ ಸಾತನೂರು ಸರ್ಕಲ್ಲಿನಲ್ಲಿ ಕೊಂಡ ಹೊಸ ಹವಾಯಿ. ಒಂದು ಮನೆಯಲ್ಲಿ ಯಜಮಾನತಿ ಬಾಗಿಲಿಗೆ ಒರಗಿ ನಿಂತು ಒಳಗೆ ಕರೆಯಲೇ ಇಲ್ಲ. “ಬಲವಂತ ಇಲ್ವಂತಲ್ಲ, ಹೈಕೋರ್ಟ್ ಹೇಳೈತೆ. ಇಷ್ಟ ಇದ್ರೆ ಹೇಳ್ಬೋದು, ಇಲ್ದಿದ್ರೆ ಇಲ್ಲ” ಎಂದರು. ನಿಜ. ಸೆಪ್ಟೆಂಬರ್ 25ರಂದೇ ನ್ಯಾಯಾಲಯ ಹಾಗೆ ಹೇಳಿತ್ತು. ವಾಪಸು ಹೊರಟೆ.

“ನಿಂತ್ಕಳಿ ಮೇಡಂ. ನಾ ಕೇಳಿದ್ದುಕ್ಕೆ ನೀವು ನಿಜ ಹೇಳಿದ್ರೆ, ನಾನೂ ಹೇಳ್ತೀನಿ.”

‘ಏನು?’

“ಆ ಸೀರೆ ಎಷ್ಟು ಕೊಟ್ರಿ?”

ಮೂರೂ ಉತ್ತರ ನಾಲಿಗೆ ತುದಿಗೆ ಬಂದವು. ಆಕೆಯ ನೋಟ ನೋಡಿ, ಗಂಡನಿಗೂ ಸ್ಟಾಫ್ ರೂಮಿಗೂ ಊರಿಗೂ ಹೇಳದ ನಾಲ್ಕನೆಯದನ್ನು ಹೇಳಿದೆ. ನಿಜವಾದದ್ದನ್ನು.

ಆಕೆ ಒಳಗೆ ಹೋದರು. ಹಿಂದಕ್ಕೆ ಬಂದಾಗ ಕೈಯಲ್ಲಿ ಅದೇ ನೇರಳೆ, ಅದೇ ಅಂಚು, ಅದೇ ನವಿಲಿನ ಬುಟ್ಟಾ. ಕೊಟ್ಟಿಗೆ ಗುಡಿಸುವಾಗ ಉಡುವ ಸೀರೆಯಂತೆ, ಒಂದು ತುದಿಯಲ್ಲಿ ಒಣಗಿದ ಹುಲ್ಲು ಅಂಟಿತ್ತು. “ಚನ್ನಪಟ್ಣದಾಗೆ ತಂದಿದ್ದು. ನಿಮ್ದ್ರಲ್ಲಿ ಅರ್ಧ ರೇಟು. ಅದ್ರಲ್ಲೂ ಬ್ಲೌಸ್ ಪೀಸು ಬಿಟ್ಟಿ” ಎಂದು, ಜಗುಲಿಯ ಮೇಲೆ ಚಾಪೆ ಹಾಸಿ, ನನ್ನ ಪಕ್ಕ ಸಮಾಧಾನವಾಗಿ ಕೂತರು. ಹೇಳಿದ ನಂಬರನ್ನು ಸಮೀಕ್ಷೆಯ ಆ್ಯಪಿನಲ್ಲಿ ಒತ್ತಿದೆ. ಆಕೆಯ ಫೋನು ಕುಯ್ಯೆಂದಿತು.

“ತಗಳಿ, ಓಟಿಪಿ ಬಂತು. ಬರ್ಕಳಿ.”